ತಿದಿಮೀಮಾಂಸೆ: ಮಡಚು ಕ್ಯಾಮೆರಾದ ರಂಧ್ರಪ್ರಜ್ಞೆಯ ತಾತ್ವಿಕ ಅನುಸಂಧಾನ

ಮಡಚು ಕ್ಯಾಮೆರಾದ ಮಸೂರಕ್ಕೂ ಫಿಲ್ಮಿಗೂ ನಡುವೆ ಇರುವ, ತೆರೆದರೆ ಹಿಗ್ಗುವ, ಮುಚ್ಚಿದರೆ ಕುಗ್ಗುವ, ಹಾರ್ಮೋನಿಯಂ ತಿದಿಯಂತೆ ನೆರಿಗೆಗಟ್ಟಿದ ಕಪ್ಪು ಸುರಂಗಕ್ಕೆ ಲೋಕದಲ್ಲಿ ಬೆಲ್ಲೋಸ್ ಎಂದೂ, ಪ್ರಸ್ತುತ ಬರಹವು ಪ್ರಬಂಧವೆನ್ನಿಸಿಕೊಳ್ಳಬೇಕಾದ ಅನಿವಾರ್ಯದಿಂದ 'ಸಂಕೋಚವಿಕಾಸಶೀಲ ತಮೋವಾಹಿನಿ' ಎಂದೂ ಹೆಸರು. ಬೇಡದ ಬೆಳಕನ್ನು ಹೊರಗಿಡುವುದಷ್ಟೇ ಇದರ ಕೆಲಸ. ಇಷ್ಟನ್ನೇ ಹೇಳಿದರೆ ಒಂದು ಅಧ್ಯಾಯವೂ ತುಂಬದಾದ್ದರಿಂದ, ತಮೋವಾಹಿನಿಯು ಒಳಗು-ಹೊರಗುಗಳ ದ್ವಂದ್ವಾತ್ಮಕ ನೆಲೆಯಲ್ಲಿ ಬೆಳಕಿನ ಯಜಮಾನಿಕೆಯನ್ನು ಪ್ರತಿರೋಧಿಸುವ ಅಂಚಿನ ಸಂಕಥನವಾಗಿದೆ ಎಂದು ಸೇರಿಸುವುದು ವಾಡಿಕೆ.

ಅಧ್ಯಯನದ ವ್ಯಾಪ್ತಿಯು 1950ರ ದಶಕದಲ್ಲಿ ಮ್ಯೂನಿಕ್ಕಿನಲ್ಲಿ ತಯಾರಾದ ಆಗ್‌ಫಾ ಐಸೊಲೆಟ್‌ಗೆ ಸೀಮಿತ. 120 ಫಿಲ್ಮಿನ ಒಂದು ಸುರುಳಿಯಲ್ಲಿ 6×6 ಸೆಂ.ಮೀ.ನ 12 ಚಿತ್ರ ಕೊಟ್ಟು, ಮುಚ್ಚಿದರೆ ಕೋಟಿನ ಜೇಬಿಗೆ ಇಳಿಯುವ ಈ ಯಂತ್ರದ ಮೇಲ್ದರ್ಜೆಯ ಮಾದರಿಗಳಲ್ಲಿದ್ದ, ನಾಲ್ಕು ಗಾಜುಗಳ ಸೋಲಿನಾರ್ ಮಸೂರ ಇಂದಿಗೂ ಚೂಪಾದ ಚಿತ್ರ ಕೊಡುತ್ತದೆ. ಯುದ್ಧಕ್ಕೆ ಮುಂಚಿನ ಜೈಸ್ ಐಕಾನ್ ಐಕಾಂಟಾಗಳ ಚರ್ಮದ ತಿದಿ ಎಷ್ಟೋ ಕಡೆ ಇನ್ನೂ ಗಟ್ಟಿಯಾಗಿರುವಾಗ, ಐಸೊಲೆಟ್‌ನ ಪ್ಲಾಸ್ಟಿಕ್ ಲೇಪದ ತಿದಿ ಮಾತ್ರ ಮೂಲೆಮೂಲೆಯಲ್ಲಿ ತೂತುಬೀಳುವುದಕ್ಕೆ ಹೆಸರಾಗಿದೆ. ಅಷ್ಟು ಒಳ್ಳೆಯ ಗಾಜಿನ ಹಿಂದೆ ಅಷ್ಟು ಕಳಪೆ ಬಟ್ಟೆ ಏಕೆ ಎಂಬ ಪ್ರಶ್ನೆ ತೀರ ಸರಳವಾಗಿರುವುದರಿಂದ ಸಂಶೋಧನೆಯ ಮಿತಿಯಾಚೆ ಉಳಿಯುತ್ತದೆ.

ರಂಧ್ರಗಳು ಐದು ವಿಧ. ಮಡಿಕೆಗಳು ಕೂಡುವ ಮೂಲೆಯಲ್ಲಿ ಸವೆತದಿಂದ ಹುಟ್ಟುವುದು ಕೋಣಜ. ನೆರಿಗೆಯ ಉದ್ದಕ್ಕೂ ಬಿರಿಯುವುದು ರೇಖಾಜ. ಹಿಂದಿನ ಯಜಮಾನರು ಕಪ್ಪು ಬಣ್ಣವನ್ನೋ ವೈರಿಂಗ್ ಟೇಪನ್ನೋ ಮೆತ್ತಿದ್ದು ಬಿರುಸಾಗಿ, ಪಕ್ಕದ ಬಟ್ಟೆಯನ್ನೂ ಸೀಳಿಕೊಂಡು ಬರುವುದು ಚಿಕಿತ್ಸಾಜ. ನಾಲ್ಕನೆಯದೂ ಐದನೆಯದೂ ಮೊದಲನೆಯದೇ ಆಗಿದ್ದು, ಮೂರೇ ವಿಧವೆಂದರೆ ಮಾರ್ಗದರ್ಶಕರು ಅಧ್ಯಾಯವನ್ನು ಹಿಂದಿರುಗಿಸುವರೆಂಬ ಕಾರಣಕ್ಕೆ ಸೇರಿಕೊಂಡಿವೆ. ಅಷ್ಟಕ್ಕೂ ಕತ್ತಲೆ ಕೋಣೆಯಲ್ಲಿ ಕ್ಯಾಮೆರಾದ ಹಿಂಬಾಗಿಲು ತೆರೆದು ತಿದಿಯೊಳಗೆ ಸಣ್ಣ ಟಾರ್ಚ್ ಇಳಿಸಿದಾಗ ಮಿನುಗುವ ಚುಕ್ಕಿಗಳು ಯಾವ ವಿಧದವೆಂದು ತಿಳಿದರೂ ತಿಳಿಯದಿದ್ದರೂ ತಿದಿಯನ್ನು ಬದಲಿಸಲೇಬೇಕಾಗುವುದರಿಂದ, ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ.

ಬದಲಾವಣೆಗೆ ನಿರಚನೆ, ಪುನಾರಚನೆ, ಪ್ರತಿಷ್ಠಾಪನೆ ಎಂದು ಮೂರು ಘಟ್ಟ. ನಿರಚನೆಯೆಂದರೆ ಷಟರನ್ನು ಹಿಂದಿನಿಂದ ಬಿಗಿದ ಉಂಗುರವನ್ನು ಬಿಚ್ಚಿ, ಹಳೆಯ ತಿದಿಯನ್ನು ಅಂಟಿನಿಂದ ಮೆಲ್ಲಗೆ ಎಬ್ಬಿಸುವುದು. ಹೊಸದರ ಅಳತೆ ಸಿಗುವುದು ಅದರಿಂದಲೇ ಆದ್ದರಿಂದ ಅದು ಹರಿಯಕೂಡದು. ಪುನಾರಚನೆಗೆ ಬಂದಾಗ ಶಾಸ್ತ್ರ ತಾನಾಗಿ ಬಾಯಿ ಮುಚ್ಚುತ್ತದೆ. ಒಳಗೆ ತೆಳು ಕಪ್ಪು ಹತ್ತಿಬಟ್ಟೆ, ಹೊರಗೆ ಕಾಗದದಷ್ಟು ತೆಳುವಾಗಿ ಹೆರೆದ ಚರ್ಮ, ನಡುವೆ ಮಡಿಕೆಗೊಂದರಂತೆ ರಟ್ಟಿನ ಪಟ್ಟಿ. ಪಟ್ಟಿಗಳ ನಡುವೆ ಸುಮಾರು 1 ಮಿ.ಮೀ. ಜಾಗ ಬಿಡದಿದ್ದರೆ ಮಡಿಕೆ ಬಾಗದು, ಹೆಚ್ಚು ಬಿಟ್ಟರೆ ನೆರಿಗೆ ಜೋಲುತ್ತದೆ. ತಿದಿಯು ಹಿಂದೆ ಅಗಲ, ಮುಂದೆ ಕಿರಿದು ಆದ್ದರಿಂದ ಪಟ್ಟಿಗಳೂ ಒಂದಕ್ಕಿಂತ ಒಂದು ಚಿಕ್ಕದಾಗುತ್ತ ಹೋಗಬೇಕು. ಮೂಲೆಯಲ್ಲಿ ರಟ್ಟು ಇರಕೂಡದು. ಅಂಟು ಪೂರ್ತಿ ಒಣಗುವ ಮೊದಲೇ ಒಂದೊಂದು ಮೂಲೆಯನ್ನೂ ಹೆಬ್ಬೆರಳು ತೋರುಬೆರಳುಗಳಲ್ಲಿ ಚಿವುಟಿ, ಒಂದು ಬದಿಯ ಮಡಿಕೆ ಹೊರಕ್ಕೆ ಬಂದಲ್ಲಿ ಪಕ್ಕದ ಬದಿಯದು ಒಳಕ್ಕೆ ಹೋಗುವಂತೆ ಕೂರಿಸಿ, ರಾತ್ರಿಯಿಡೀ ಭಾರದ ಕೆಳಗಿಡಬೇಕು. ಚರ್ಮ ಕೊಂಚ ದಪ್ಪವಾದರೂ ಕ್ಯಾಮೆರಾದ ಬಾಗಿಲು ಮುಚ್ಚದು.

ಪ್ರತಿಷ್ಠಾಪನೆಗೆ ಮುನ್ನ ಮೂಲತ್ವವಾದದ ಖಂಡನೆ ಅಗತ್ಯ. ಸಂಗ್ರಾಹಕರಲ್ಲಿ ಒಂದು ಪಂಥದ ಪ್ರಕಾರ ಹೊಸ ತಿದಿ ಹಾಕಿದ ಕ್ಯಾಮೆರಾ 'ಮೂಲಸ್ಥಿತಿ' ಕಳೆದುಕೊಂಡು ಮೈಲಿಗೆಯಾಗುತ್ತದೆ. ಜರಡಿಯಾದ ತಿದಿಯೊಡನೆ ಗಾಜಿನ ಬೀರುವಿನಲ್ಲಿ ಕೂತದ್ದು ಮಾತ್ರ ಅಪ್ಪಟ. ಚಿತ್ರ ತೆಗೆಯಲೆಂದೇ ಮಾಡಿದ ವಸ್ತು ಚಿತ್ರ ತೆಗೆಯಲಾರದಾದಾಗ ಅಪ್ಪಟವಾಗುತ್ತದೆ ಎನ್ನುವುದಕ್ಕೆ ಶಾಸ್ತ್ರಾಧಾರವಿಲ್ಲ, ಬರಿಯ ಕೊಬ್ಬಿದೆ. ಈ ಪಂಥಕ್ಕೆ ಪರಿಭಾಷೆ ಹೊಸೆದುಕೊಡುವ ಪಂಡಿತರೂ ಕಡಿಮೆಯವರಲ್ಲ: ಮಡಿಕೆಯ ಮೇಲೆ ವಿಚಾರಸಂಕಿರಣ ನಡೆಸಿ, ಶಾಲು ಹೊದಿಸಿಕೊಂಡು, ಒಂದು ಹಾಳೆಯನ್ನು ನೆಟ್ಟಗೆ ಮಡಚಲು ಬಾರದ ಕೈಯಾಡಿಸುತ್ತ 'ಕರಕುಶಲ ಜ್ಞಾನಪರಂಪರೆ'ಯ ಬಗ್ಗೆ ಅಪ್ಪಣೆ ಕೊಡಿಸುತ್ತಾರೆ. ಆ ಜ್ಞಾನ ಯಾರ ಬೆರಳಲ್ಲಿತ್ತೋ ಆ ರಿಪೇರಿಯವರಿಗೆ ಅಲ್ಲಿ ಕುರ್ಚಿಯಿಲ್ಲ. ಇನ್ನೆಷ್ಟು ಹೆರೆಯಬೇಕೆಂದು ಚರ್ಮವನ್ನು ಮುಟ್ಟಿಯೇ ಹೇಳಬಲ್ಲವರು, ಬಿಲ್ಲಿನಲ್ಲಿ ಕೂಲಿ ಬಿಟ್ಟು ಬೇರೇನನ್ನೂ ಬರೆಯದವರು, ಒಬ್ಬೊಬ್ಬರಾಗಿ ಅಂಗಡಿ ಮುಚ್ಚಿದರು. ಅವರು ಕಟ್ಟಿದ ತಿದಿಗಳ ಮೇಲೆ ಅವರ ಹೆಸರೂ ಇಲ್ಲ.

ಇನ್ನು ಪ್ರತಿಷ್ಠಾಪನೆಯಲ್ಲಿ ಉಳಿದದ್ದು ಸ್ವಲ್ಪ. ಹೊಸ ತಿದಿಯ ಬಿಗುವು ಮಸೂರದ ಫಲಕವನ್ನು ಓರೆಯಾಗಿ ಎಳೆದರೆ ಚಿತ್ರದ ಒಂದು ಅಂಚು ಮಸುಕಾಗುವುದರಿಂದ ಫಲಕವು ಫಿಲ್ಮಿಗೆ ಸಮಾನಾಂತರವಾಗಿದೆಯೇ ಎಂದು ಅಳೆದು ನೋಡಬೇಕು. ಕ್ಯಾಮೆರಾವನ್ನು ಧಡಕ್ಕನೆ ತೆರೆದರೆ ತಿದಿ ಗಾಳಿಯೆಳೆದು ಫಿಲ್ಮನ್ನು ಉಬ್ಬಿಸುವುದರಿಂದ, ತೆರೆದ ಮೇಲೆಯೇ ಫಿಲ್ಮನ್ನು ಮುಂದಕ್ಕೆ ಸುತ್ತಬೇಕು. ಈ ವಿಷಯದಲ್ಲಿ ಡಾಕ್ಟರೇಟ್ ಬಯಸುವ ಅಭ್ಯರ್ಥಿಗಳು ಮಹಾಪ್ರಬಂಧದ ಬದಲು ಸ್ವಹಸ್ತದಿಂದ ಕಟ್ಟಿದ ಒಂದು ತಿದಿಯನ್ನು ಸಲ್ಲಿಸತಕ್ಕದ್ದು. ಮೌಖಿಕ ಪರೀಕ್ಷೆಯನ್ನು ದೀಪ ಆರಿಸಿ ನಡೆಸತಕ್ಕದ್ದು. ಪರೀಕ್ಷಕರು ಟಾರ್ಚನ್ನು ತಾವೇ ತರತಕ್ಕದ್ದು.