ನಿನ್ನೆಯ ಕಾವಲುಗಾರ

ನಮ್ಮ ಆಫೀಸಿನ ಸಿಸ್ಟಂ ಅಡ್ಮಿನ್ ರಾಯರು ಬೆಳಿಗ್ಗೆ ಪೇಪರ್ ಓದುವುದಿಲ್ಲ. ಬೈಟೂ ಕಾಫಿಯಲ್ಲಿ ತಮ್ಮ ಪಾಲು ಹಿಡಿದು, ಸರ್ವರಿನ ಲಾಗ್ ಅಂದರೆ ದಿನಚರಿ ಓದಿ ವರದಿ ಬರೆಯುವ ಲಾಗ್‌ವಾಚ್ ಕಳಿಸಿದ ಮೇಲ್ ಓದುತ್ತಾರೆ. ಅದೂ ಪ್ರಿಂಟ್ ತೆಗೆದು, ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತ. ವಿವರ ಎಷ್ಟಿರಬೇಕೆಂದು ಅದರ ಸೆಟ್ಟಿಂಗಿನಲ್ಲಿ ಮೊದಲೇ ಬರೆದಿಡಬೇಕು: ಲೋ, ಮೆಡ್, ಹೈ, ಅಂಕಿಯಲ್ಲಾದರೆ 0, 5, 10. ರಾಯರದು 10. ಅವರ ಜಾಯಮಾನವೇ ಹಾಗೆ. "ಊಟ ಆಯ್ತಾ ಸಾರ್?" ಅಂದರೆ ಬೇಳೆ ನೆನೆಹಾಕಿದಲ್ಲಿಂದ ಶುರು ಮಾಡುತ್ತಾರೆ.

ಅದೇ ಸೆಟ್ಟಿಂಗ್ ಫೈಲಿನಲ್ಲಿ 'ರೇಂಜ್' ಅಂತ ಇನ್ನೊಂದು ಸಾಲು. ಅದರೆದುರು ಮೊದಲಿಂದಲೂ ಇರುವುದು 'ಯೆಸ್ಟರ್‌ಡೇ'. ಹೀಗಾಗಿ ನಿನ್ನೆಯ ವಿಷಯದಲ್ಲಿ ರಾಯರು ಸರ್ವಜ್ಞರು. ಒಂದು ಮಧ್ಯಾಹ್ನ ಸರ್ವರ್ ಮಕಾಡೆ ಮಲಗಿ ಅಕೌಂಟ್ಸಿನವರು ಓಡಿ ಬಂದಾಗ, "ನಾಳೆ ಬೆಳಿಗ್ಗೆ ಬನ್ನಿ, ಎಲ್ಲಾ ಹೇಳ್ತೀನಿ" ಅಂದಿದ್ದರು. ಹೇಳಿದರು ಕೂಡ.

ಆಮೇಲೆ ಬಂತು ಫೇಲ್‌ಟುಬ್ಯಾನ್. ಇದು ಲಾಗ್ ನೋಡಿ ಸುಮ್ಮನಿರುವುದಿಲ್ಲ, ಕತ್ತು ಹಿಡಿದು ಆಚೆ ದಬ್ಬುತ್ತದೆ. 10 ನಿಮಿಷದೊಳಗೆ 5 ಸಲ ಪಾಸ್‌ವರ್ಡ್ ತಪ್ಪಿದವನನ್ನು 10 ನಿಮಿಷ ಹೊರಗೆ ನಿಲ್ಲಿಸುವುದು ಅದರ ಮೂಲ ಏರ್ಪಾಟು. "ಇದೇನ್ರೀ, ಬೆಂಚ್ ಮೇಲೆ ನಿಲ್ಲಿಸಿದ ಹಾಗೆ!" ಎಂದು ರಾಯರು 5 ಅಳಿಸಿ 2 ಬರೆದರು. ಬ್ಯಾನ್‌ಟೈಮ್ -1. ಮೈನಸ್ ಹಾಕಿದರೆ ಶಾಶ್ವತ ಬಹಿಷ್ಕಾರ. ಆದರೂ ಅವರು ಹುಂಬರಲ್ಲ; ಅಪ್‌ಡೇಟ್ ಬಂದಾಗ ಬರೆದದ್ದು ಅಳಿಸಿಹೋಗಬಾರದೆಂದು ಮೂಲ ಫೈಲಾದ ಜೈಲ್.ಕಾನ್ಫ್ ಮುಟ್ಟದೆ, ಜೈಲ್.ಲೋಕಲ್ ಅಂತ ಬೇರೆ ಫೈಲ್ ಮಾಡಿಯೇ ತಿದ್ದಿದರು. ಯಾರನ್ನು ಆಚೆ ದಬ್ಬಬಾರದೆಂದು ಬರೆಯುವ 'ಇಗ್ನೋರ್‌ಐಪಿ' ಸಾಲಿನಲ್ಲಿ ತಮ್ಮ ಮನೆಯ ಐಪಿ ವಿಳಾಸವನ್ನೂ ಸೇರಿಸಿದರು, ಮನೆ ಯಜಮಾನ ಹಿತ್ತಲ ಬಾಗಿಲಿನ ಬೀಗದ ಕೈ ಉಡಿದಾರಕ್ಕೆ ಕಟ್ಟಿಕೊಂಡ ಹಾಗೆ.

ಮೊನ್ನೆ ಸೋಮವಾರ ರಾತ್ರಿ ಬೆಂಗಳೂರಲ್ಲಿ ಮಳೆ. ಮಂಗಳವಾರ ಬೆಳಿಗ್ಗೆ ರಾಯರು ಗೊಣಗುತ್ತಲೇ ಬಂದರು. "ಕರೆಂಟ್ ಹೋಗಿ ಬಂತು, ರೂಟರ್ ಮತ್ತೆ ಆನ್ ಆಯ್ತು. ಲಾಗಿನ್ ಆಗೋಣ ಅಂದ್ರೆ ಕತ್ತಲಲ್ಲಿ ಕನ್ನಡಕ ಸಿಗಲಿಲ್ಲ. ಎರಡು ಸಲ ಪಾಸ್‌ವರ್ಡ್ ತಪ್ಪಾಯ್ತು. ಆಮೇಲೆ ಸರ್ವರೇ ಸಿಗಲಿಲ್ಲ. ದರಿದ್ರ ಬ್ರಾಡ್‌ಬ್ಯಾಂಡು!"

ರೂಟರ್ ಮತ್ತೆ ಆನ್ ಆದಾಗ ಮನೆಗೆ ಹೊಸ ವಿಳಾಸ ಬಂದಿರಬಹುದು ಅನ್ನುವುದು ನಮಗೆ ಹೊಳೆಯಿತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಪ್ರಿಂಟ್ ಹಿಡಿದು ಕುರ್ಚಿಯಿಂದ ಎದ್ದೇ ಬಿಟ್ಟಿದ್ದರು. ಕೆಂಪು ಪೆನ್ನು ಒಂದೇ ಸಾಲಿಗೆ ಮೂರು ಸುತ್ತು ಸುತ್ತಿತ್ತು.

"ಸಿಕ್ಕಿಬಿದ್ದ ಕಣ್ರೀ! ಬೆಂಗಳೂರಿನವನೇ! ಎರಡೇ ಏಟಿಗೆ ಶಾಶ್ವತವಾಗಿ ಆಚೆ!" ಆಮೇಲೆ ದನಿ ತಗ್ಗಿಸಿ, ತುಸು ಮೆಚ್ಚುಗೆಯಿಂದಲೇ ಅಂದರು: "ಕಿಲಾಡಿ ಮಾತ್ರ ಅಸಾಧ್ಯದವನು. ನನ್ನ ಯೂಸರ್ ನೇಮೇ ಹಾಕಿದಾನೆ ನೋಡಿ."