ನೂರು ಪಿಕ್ಸೆಲ್ಲಿನ ವಿರಹ

ಅಚ್ಚುಮೆಚ್ಚಿನ ಧಾರಾವಾಹಿಯ ಒಂದು ದೃಶ್ಯವನ್ನು ಕತ್ತರಿಸಿ, ಬಣ್ಣ ತಿದ್ದಿ, ತಮ್ಮ ಹೆಸರಿನ ಪಕ್ಕ ತೂಗುಹಾಕಿಕೊಳ್ಳುವ ಚೌಕ ಚಿತ್ರವೇ ಅಭಿಮಾನಿ ಐಕಾನ್. 1999ರಲ್ಲಿ ಶುರುವಾದ ಬ್ಲಾಗ್ ತಾಣ ಲೈವ್‌ಜರ್ನಲ್ ಇದಕ್ಕೆ 100 ಪಿಕ್ಸೆಲ್ ಉದ್ದ, 100 ಪಿಕ್ಸೆಲ್ ಅಗಲ, 40 ಕಿಲೋಬೈಟ್ ಎಂದು ಗೆರೆ ಎಳೆದಿತ್ತು. ಧಾರಾವಾಹಿ ಹಳೆಯ ಕಾಲದ್ದಾದರೆ ಅಂಚೆಚೀಟಿಯಷ್ಟು ಜಾಗದಲ್ಲಿ ಹತ್ತೊಂಬತ್ತನೆಯ ಶತಮಾನವನ್ನು ಟೋಪಿ ಸಮೇತ ಕೂರಿಸಬೇಕು. ಆ ಶತಮಾನದ ಟೋಪಿಗಳೋ, ಬಲು ದೊಡ್ಡವು.

ಈ ಕಸುಬಿಗೆ ಹೇಳಿ ಮಾಡಿಸಿದ ಸರಕು ಬಿಬಿಸಿಯ 2004ರ ಧಾರಾವಾಹಿ ‘ನಾರ್ತ್ ಅಂಡ್ ಸೌತ್’. ಮೂಲ ಎಲಿಜಬೆತ್ ಗ್ಯಾಸ್ಕೆಲ್ ಕಾದಂಬರಿ. 1854–55ರಲ್ಲಿ ಡಿಕನ್ಸ್‌ನ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂದದ್ದು. ಹತ್ತಿ ಗಿರಣಿಯ ಮಾಲೀಕ ಥಾರ್ನ್‌ಟನ್ ಆಗಿ ರಿಚರ್ಡ್ ಆರ್ಮಿಟೇಜ್, ಆತ ಮನಸೋತ ಮಾರ್ಗರೆಟ್ ಆಗಿ ಡೇನಿಯೆಲಾ ಡೆನ್ಬಿ-ಆಶ್. ಉಳಿದ ಕಥೆ ಇಲ್ಲಿ ಅನಗತ್ಯ. ಐಕಾನ್ ಮಾಡುವವರಿಗೆ ಬೇಕಾದದ್ದು ಹುಬ್ಬು.

ಮೊದಲ ಕೆಲಸ ಚಿತ್ರದ ಆಯ್ಕೆ. ಮಾರ್ಗರೆಟ್ ಊರು ಬಿಟ್ಟು ಗಾಡಿಯಲ್ಲಿ ಹೊರಟಿದ್ದಾಳೆ, ಹಿಮ ಬೀಳುತ್ತಿದೆ, ಒಮ್ಮೆ ತಿರುಗಿ ನೋಡಲೆಂದು ಥಾರ್ನ್‌ಟನ್ ಕಾದು ನಿಂತಿದ್ದಾನೆ. ಬ್ರಿಟಿಷ್ ಟಿವಿಯಲ್ಲಿ ಸೆಕೆಂಡಿಗೆ 25 ಚೌಕಟ್ಟು. ಬೇರೆಯವರ ಕಣ್ಣಿಗೆ ಇಪ್ಪತ್ತೈದೂ ಒಂದೇ. ಬಲ್ಲವರಿಗೆ ಹಾಗಲ್ಲ: ಒಂದರಲ್ಲಿ ರೆಪ್ಪೆ ಅರ್ಧ ಇಳಿದು ಆತ ತೂಕಡಿಸುತ್ತಿದ್ದಾನೆ, ಮುಂದಿನದರಲ್ಲಿ ಬಾಯಿ ಅರೆತೆರೆದು ವಿರಹ ಹೋಗಿ ಹಲ್ಲುನೋವು ಬಂದಿದೆ, ಅದರಾಚೆಯದರಲ್ಲಿ ಎಲ್ಲ ಸರಿ, ಮೂಗಿನ ತುದಿಗೆ ಸರಿಯಾಗಿ ಒಂದು ಹಿಮದ ಚೂರು. ಕೊನೆಗೂ ಒಂದು ಒಪ್ಪಿಗೆಯಾದರೆ ಕತ್ತರಿಸುವ ಸಂಕಟ. ಕೂದಲು ಉಳಿಸಿದರೆ ಗಲ್ಲ ಹೋಗುತ್ತದೆ, ಗಲ್ಲ ಉಳಿಸಿದರೆ ಕೂದಲು. ಎರಡೂ ಇರಲೆಂದು ಚೌಕ ಹಿಗ್ಗಿಸಿದರೆ ಕಣ್ಣು ಸಾಸಿವೆ ಕಾಳಿನಷ್ಟಾಗುತ್ತದೆ. ಚೌಕವನ್ನು ಒಂದು ಪಿಕ್ಸೆಲ್ ಎಡಕ್ಕೆ ಸರಿಸಿ, ದೂರ ಕೂತು ನೋಡಿ, ಮತ್ತೆ ಬಲಕ್ಕೆ ತರುವುದು ವಾಡಿಕೆ. ಊಟಕ್ಕೆ ಎರಡನೆಯ ಕರೆ ಬರುವುದು ಸಾಮಾನ್ಯವಾಗಿ ಈ ಹಂತದಲ್ಲಿ. ಅನ್ನ ಆರುತ್ತದೆ, ಮಾರ್ಗರೆಟ್ ತಿರುಗಿ ನೋಡುವುದಿಲ್ಲ.

ಮುಂದಿನದು ಫೋಟೋಶಾಪ್ ಅಥವಾ ಗಿಂಪ್‌ನ ಕೆಲಸ. ಪದರದ ಮೇಲೆ ಪದರ ಹಾಕಿ ಊರಿನ ಹೊಗೆಬಣ್ಣವನ್ನು ಪೀಚ್ ಹಣ್ಣಿನ ಬಣ್ಣಕ್ಕೆ ತರಲಾಗುತ್ತದೆ. ಮೂಲೆಯಲ್ಲಿ ಓದಲು ಬಾರದಷ್ಟು ಸಣ್ಣ ಅಕ್ಷರಗಳ ಸಾಲೊಂದನ್ನು ಅಂಟಿಸುವ ಫ್ಯಾಷನ್ನೂ ಇತ್ತು. ಯಾಕೆಂದು ಯಾರೂ ಕೇಳಲಿಲ್ಲ.

ಥಾರ್ನ್‌ಟನ್‌ನ ಮುಖ ಬಿಟ್ಟರೆ ಐಕಾನಿಗೆ ಒಗ್ಗುವುದು ಗಿರಣಿಯ ಒಳನೋಟ: ಮಗ್ಗಗಳ ನಡುವೆ ಹಿಮದ ಹಾಗೆ ತೇಲುವ ಹತ್ತಿಯ ಎಳೆ. ಬಹಳ ಚಂದ. ಅದೇ ಎಳೆ ಶ್ವಾಸಕೋಶ ಸೇರಿ ಗಿರಣಿ ಕೆಲಸದ ಹುಡುಗಿ ಬೆಸ್ಸಿ ಹಿಗಿನ್ಸ್ ಸಾಯುತ್ತಾಳೆ. ಧೂಳು ಹೊರಹಾಕುವ ಚಕ್ರ ಕೂರಿಸಲು ಕಾಸು ಬಿಚ್ಚುವ ಮಾಲೀಕರು ಕೆಲವರೇ ಎಂದು ಕಾದಂಬರಿಯಲ್ಲಿ ಅವಳೇ ಹೇಳುತ್ತಾಳೆ. ನೂರು ಪಿಕ್ಸೆಲ್ಲಿನಲ್ಲಿ ಕೆಮ್ಮು ಕೇಳಿಸುವುದಿಲ್ಲ.

ಇನ್ನು ಹಂಚಿಕೆ. ಹತ್ತಿಪ್ಪತ್ತು ಐಕಾನ್‌ಗಳನ್ನು ಸಾಲಾಗಿ ಜೋಡಿಸಿ ಮುಂದಿಡಲಾಗುತ್ತದೆ. ಕಾಸಿಲ್ಲ, ಕರಾರು ಮಾತ್ರ: ಒಯ್ದರೆ ಒಂದು ಮಾತು ಹೇಳಿ, ಮಾಡಿದವರ ಹೆಸರು ಹಾಕಿ, ಚಿತ್ರವನ್ನು ತಿದ್ದಬೇಡಿ. ಒಯ್ಯುವವರಲ್ಲಿ ಮಾತಾಡುವವರು ಕಡಿಮೆ. ಕೆಲವರು ತಮ್ಮದೇ ಹೆಸರು ಹಾಕಿಕೊಳ್ಳುವುದೂ ಉಂಟು. ಆಗ ಏಳುವ ಧರ್ಮಕೋಪಕ್ಕೆ ಮಿತಿಯಿಲ್ಲ. ಮುಖ ಆರ್ಮಿಟೇಜ್‌ನದು, ದೃಶ್ಯ ಬಿಬಿಸಿಯದು, ಕಥೆ ಗ್ಯಾಸ್ಕೆಲ್‌ಳದು ಎಂಬುದು ಆ ಗಳಿಗೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಆದರೂ ಆ ಒಂದು ಪಿಕ್ಸೆಲ್ ಎಡಕ್ಕೆ ಸರಿಸಿದವರು ಬೇರೆಯೇ ಇದ್ದಾರೆ. ಒಯ್ಯುವವರು ಧಾರಾಳವಾಗಿ ಒಯ್ಯಲಿ, ಮಾಡಿದವರ ಹೆಸರೊಂದನ್ನು ಹಾಕಲಿ.