ನಾಗವಲ್ಲಿಗೆ ಯಾವ ಊರು?

ನಮ್ಮ ಕಡೆ ಮುತ್ತೈದೆ ಸತ್ತರೆ ಹಸಿರು ಸೀರೆ ಉಡಿಸಿ, ಕೆನ್ನೆಗೆ ಅರಿಸಿನ ಹಚ್ಚಿ, ಹಣೆಗೆ ಕಾಸಗಲ ಕುಂಕುಮವಿಟ್ಟು, ತಲೆತುಂಬ ಹೂ ಮುಡಿಸಿ ಕಳಿಸುತ್ತಾರೆ. ಅದೇ ಹೆಂಗಸು ಸಿನಿಮಾದಲ್ಲಿ ದೆವ್ವವಾಗಿ ಬಂದಳೋ, ಬಿಳಿ ಸೀರೆ, ಕೆದರುಗೂದಲು! ಹಸಿರು ಸೀರೆ ಏನಾಯಿತು, ಆ ಬಿಳಿಯದಕ್ಕೆ ಇಸ್ತ್ರಿ ಹಾಕಿಕೊಟ್ಟವರು ಯಾರು? ಕೇಳಬಾರದು. ಗಂಡು ದೆವ್ವಕ್ಕೆ ಇಂಥ ಸಮವಸ್ತ್ರವಿಲ್ಲ. ಸಾಯುವಾಗ ಹಾಕಿಕೊಂಡಿದ್ದ ಪ್ಯಾಂಟಿನಲ್ಲೇ ಬಂದರೂ ನಡೆಯುತ್ತದೆ.

ಬಟ್ಟೆ ಹಾಳಾಗಲಿ, ಊರಿನ ವಿಷಯಕ್ಕೆ ಬನ್ನಿ. 1993ರ ಮಲಯಾಳಂ ‘ಮಣಿಚಿತ್ರತ್ತಾಳ್’ನಲ್ಲಿ ಕೇರಳದ ಹಳೇ ಮನೆಯನ್ನು ಗಡಗಡ ನಡುಗಿಸುವ ನಾಗವಲ್ಲಿ ತಂಜಾವೂರಿನವಳು, ಬಾಯಿ ಬಿಟ್ಟರೆ ತಮಿಳು. 2004ರಲ್ಲಿ ಅದೇ ಕಥೆ ಕನ್ನಡಕ್ಕೆ ‘ಆಪ್ತಮಿತ್ರ’ವಾಗಿ ಬಂತು. ಸೌಂದರ್ಯಾಳ ಮೈಮೇಲೆ ಬಂದ ನಾಗವಲ್ಲಿ ಹಾಡಿದ್ದು ತೆಲುಗಿನಲ್ಲಿ! ಮರುವರ್ಷ ‘ಚಂದ್ರಮುಖಿ’ ಮಾಡಿದ ತಮಿಳರು ತಮ್ಮ ತಂಜಾವೂರಿನವಳನ್ನು ವಾಪಸು ಕರೆಸಿಕೊಳ್ಳಲಿಲ್ಲ, ಅವರಿಗೂ ತೆಲುಗಿನವಳೇ ಬೇಕಾಯಿತು. 2007ರಲ್ಲಿ ‘ಭೂಲ್ ಭುಲಯ್ಯಾ’ದ ಹಿಂದಿಯವರು ಬಂಗಾಳದಿಂದ ಮಂಜುಲಿಕಾಳನ್ನು ತರಿಸಿದರು. ನದಿ ನೀರಿಗೆ ಕೋರ್ಟು ಹತ್ತುವ ರಾಜ್ಯಗಳು ಹೆಣ್ಣು ದೆವ್ವಗಳನ್ನು ಮಾತ್ರ ಚೆಕ್‌ಪೋಸ್ಟೂ ಇಲ್ಲದೆ ಸಾಗಿಸುತ್ತವೆ.

ಯಾಕಿರಬಹುದು? ಮಲಯಾಳಂ ಚಿತ್ರದಲ್ಲಿ ನಾಗವಲ್ಲಿ ಮೈಮೇಲೆ ಬರುವ ಗಂಗೆ ಒಡವೆ ಅಂಗಡಿಗೆ ಹೊರಟಿರುತ್ತಾಳೆ. ಗಂಡ, ಈಗ ಹೋಗೋದು ಬೇಡ ಅನ್ನುತ್ತಾನೆ. ಅಷ್ಟೇ ರೀ ಆದದ್ದು! ಮಂಚ ಮೇಲೆದ್ದಿತು. ನಮ್ಮ ಮನೆಯ ಹೆಂಗಸು ಆ ಸಿಟ್ಟನ್ನು ತನ್ನದೇ ದನಿಯಲ್ಲಿ, ತಾಯ್ನುಡಿಯಲ್ಲಿ ತೋರಿಸಿದ್ದರೆ ‘ಬಾಯಿ ಜೋರು’ ಅಂತ ಅತ್ತೆ ಮಾವಂದಿರ ಪಂಚಾಯಿತಿ ಕೂರುತ್ತಿತ್ತು. ಅದೇ ಹಳೇ ಕಾಲದ, ಪಕ್ಕದ ರಾಜ್ಯದ ನರ್ತಕಿಯ ಲೆಕ್ಕಕ್ಕೆ ಬರೆದುಬಿಟ್ಟರೆ ಸಿಟ್ಟು ಕಾಯಿಲೆಯಾಗುತ್ತದೆ, ಮನೋವೈದ್ಯರು ಬರುತ್ತಾರೆ, ಗಂಡ ಪಾಪದವನಾಗಿ ಉಳಿಯುತ್ತಾನೆ. ಗಂಗೆಯಾದ ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂತು, ಬರಲೇಬೇಕಾದದ್ದೇ. ಗಂಗೆ ಒಡವೆ ಕೊಂಡಳೋ ಇಲ್ಲವೋ, ಯಾರೂ ವಿಚಾರಿಸಲಿಲ್ಲ.

ದೆವ್ವ ಗಂಡಸನ್ನು ಹಿಡಿದರೆ? 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಹೆಣ್ಣು ದೆವ್ವ ಹಿಡಿದದ್ದು ಅನಂತ್‌ನಾಗರನ್ನು, ಮಂತ್ರಾಲಯದ ರಾಯರ ಮೊರೆಹೋಗುವ ಕೆಲಸ ಬಿದ್ದದ್ದು ಹೆಂಡತಿ ಲಕ್ಷ್ಮಿಯ ತಲೆಗೆ. ಅತ್ತ ದೆವ್ವ ಬಿಡೋದಿಲ್ಲ, ಇತ್ತ ಹೆಂಡತಿ ಬಿಡೋದಿಲ್ಲ; ನಡುವೆ ಗಂಡ ಅರಾಮಾಗಿ ಕಣ್ಣು ಕೆಂಪು ಮಾಡಿಕೊಂಡಿರಬಹುದು.

ಇನ್ನು ತೊಂಬತ್ತರ ದಶಕದಲ್ಲಿ ಬಾಗಿಲ ಮೇಲಿನ ‘ನಾಳೆ ಬಾ’ ಓದಿಕೊಂಡು ಹಿಂತಿರುಗುತ್ತಿದ್ದವಳು ನಿಮಗೆ ಗೊತ್ತೇ ಇದೆ. ಅವಳ ಕಥೆ 2018ರಲ್ಲಿ ಹಿಂದಿಯ ‘ಸ್ತ್ರೀ’ಗೂ ಒದಗಿತು. ಎಷ್ಟು ವಿಧೇಯ ದೆವ್ವ! ಸೀರೆ ಯಾವಾಗ ಕೊಡಿಸ್ತೀರಿ ಅಂದ ಹೆಂಡತಿಗೆ ಒಳಗಿನ ಯಜಮಾನರೂ ‘ನಾಳೆ ನೋಡೋಣ’ ಅನ್ನುತ್ತಲೇ ಇದ್ದರು. ಆದರೆ ಅವಳು ಹೊಸ್ತಿಲಿಂದಲೇ ವಾಪಸು ಹೋಗುವ ಹಾಗಿರಲಿಲ್ಲ, ಕುಕ್ಕರ್ ಇಡಬೇಕಿತ್ತು.

ಕೊನೆಗೂ 2025ರಲ್ಲಿ ‘ಸು ಫ್ರಮ್ ಸೋ’ ಬಂದು ಸ್ಥಳೀಯರಿಗೆ ಅವಕಾಶವಾಯಿತು: ಸೋಮೇಶ್ವರದ ಸುಲೋಚನಾ! ಅಪ್ಪಟ ಕರಾವಳಿಯವಳು, ಗಡಿಯೊಳಗಿನ ವಿಳಾಸ. ನಗಿಸುತ್ತ ನಗಿಸುತ್ತಲೇ ಅವಳ ಮಗಳ ಸಂಕಟದ ಕಡೆಗೂ ತಿರುಗುವ ಜಾಣ ಚಿತ್ರ ಅದು, ಒಪ್ಪಿದೆ. ಆದರೆ ಸುಲೋಚನಾ ಬಂದದ್ದು ಅಶೋಕನೆಂಬ ಗಂಡಸಿನ ಮೈಮೇಲೆ, ಅದೂ ನಾಟಕ. ಅವಳ ಹೆಸರಿನಲ್ಲಿ ಕೂಗಾಡಿದವನೂ ಅವನೇ, ಶಿಳ್ಳೆ ಗಿಟ್ಟಿಸಿದವನೂ ಅವನೇ.